ಮ್ಯಾಫ್ ಬದಲಿಸಿದರೂ ಲೈಟ್ ವಾಪಸ್ ಬಂತು, ಈಗ ಮ್ಯಾಪ್ ಕೂಡ ಬದಲಿಸಲೇ?

ಪ್ರಶ್ನೆ: ನನ್ನದು 1.5 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು, ಟರ್ಬೊ ಇಲ್ಲ. ಎರಡು ತಿಂಗಳಿಂದ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ, ಎಂಜಿನ್ ನಡುಗುತ್ತದೆ. ನಿಂತಾಗ ಒಮ್ಮೊಮ್ಮೆ ಆಫ್ ಆಗಿಬಿಡುತ್ತದೇನೋ ಅನಿಸುತ್ತದೆ. ಓಡುವಾಗ ಅಷ್ಟು ತೊಂದರೆ ಇಲ್ಲ. ಚೆಕ್ ಎಂಜಿನ್ ಲೈಟ್ ಬಂದಿತ್ತು, ಕೋಡ್ ಪಿ0101 ಮತ್ತು ಪಿ0171. ಗ್ಯಾರೇಜಿನಲ್ಲಿ ಹೊಸ ಮ್ಯಾಫ್ ಸೆನ್ಸರ್ (ಒಳಗೆ ಹೋಗುವ ಗಾಳಿ ಎಷ್ಟು ಅಂತ ಅಳೆಯುವುದು) ಹಾಕಿದರು. ಹತ್ತು ದಿನ ಲೈಟ್ ಇರಲಿಲ್ಲ, ಆಮೇಲೆ ಅದೇ ಎರಡು ಕೋಡ್ ವಾಪಸ್. ಈಗ ಮ್ಯಾಪ್ ಸೆನ್ಸರ್ (ಒಳಗಿನ ಗಾಳಿಯ ಒತ್ತಡ ಅಳೆಯುವುದು) ಕೂಡ ಹಾಕೋಣ ಅನ್ನುತ್ತಿದ್ದಾರೆ. ನನ್ನ ಹತ್ತಿರ ಮೊಬೈಲ್‌ಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಇದೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಸಿಕ್ಕಿದ್ದು ಇಷ್ಟು: 750 ಆರ್‌ಪಿಎಂ, ಮ್ಯಾಫ್ ಸೆಕೆಂಡಿಗೆ 2.1 ಗ್ರಾಂ, ಮ್ಯಾಪ್ 38 ಕಿಲೋಪಾಸ್ಕಲ್, ಪೆಟ್ರೋಲ್ ತಿದ್ದುಪಡಿ ತೋರಿಸುವ ಶಾರ್ಟ್ ಟ್ರಿಮ್ ಶೇಕಡ +6, ಲಾಂಗ್ ಟ್ರಿಮ್ +19. ನಿಂತಲ್ಲೇ 2500ಕ್ಕೆ ಏರಿಸಿದರೆ ಎರಡೂ ಟ್ರಿಮ್ ಸೇರಿ +6. ಎಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿದಾಗ ಮ್ಯಾಪ್ 100. ಬದಲಿಸಲೇ?

ಉತ್ತರ: ಬದಲಿಸಬೇಡಿ. ನೀವು ಕೊಟ್ಟ ನಂಬರುಗಳಲ್ಲೇ ಮುಕ್ಕಾಲು ಉತ್ತರ ಇದೆ. ನಿಮ್ಮ ಮ್ಯಾಪ್ ಸೆನ್ಸರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ತೆಗೆದು ಹಾಕಿದ ಹಳೆಯ ಮ್ಯಾಫ್ ಕೂಡ ಬಹುಶಃ ಸರಿಯಾಗಿಯೇ ಇತ್ತು. ಗಾಳಿ ಬಿಡುವ ಕವಾಟವಾದ ಥ್ರಾಟಲ್ ದಾಟಿದ ಮೇಲೆ ಎಲ್ಲೋ ಒಂದು ಕಡೆಯಿಂದ ಎಂಜಿನ್ ಮ್ಯಾಫ್ ಎಣಿಸದ ಕಳ್ಳಗಾಳಿ ಎಳೆಯುತ್ತಿದೆ. ಇದು ಹೇಗೆ ಗೊತ್ತಾಯಿತು ಅಂತ ಬಿಡಿಸಿ ಹೇಳುತ್ತೇನೆ. ಈ ಲೆಕ್ಕ ಒಂದು ಸಲ ಕೈಗೆ ಹತ್ತಿದರೆ ಯಾವ ಕಾರಿನ ಮುಂದೆ ನಿಂತರೂ ಉಪಯೋಗಕ್ಕೆ ಬರುತ್ತದೆ.

ಮೊದಲು ಕೋಡ್ ವಿಷಯ. ಪಿ0101 ಅಂದ ಕೂಡಲೇ 'ಮ್ಯಾಫ್ ಕೆಟ್ಟಿದೆ' ಅಂತ ಓದುವವರೇ ಜಾಸ್ತಿ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹಾಗೆ ಹೇಳುವುದೇ ಇಲ್ಲ. ಅದು ಹೇಳುವುದು ಇಷ್ಟು: 'ಥ್ರಾಟಲ್ ಇಷ್ಟು ತೆರೆದಿದೆ, ಆರ್‌ಪಿಎಂ ಇಷ್ಟಿದೆ, ಒಳಗಿನ ಒತ್ತಡ ಇಷ್ಟಿದೆ. ಹಾಗಾದರೆ ಇಷ್ಟು ಗಾಳಿ ಬರಬೇಕಿತ್ತು. ಮ್ಯಾಫ್ ಹೇಳುವ ಅಂಕಿ ಅದಕ್ಕೆ ಹೊಂದುತ್ತಿಲ್ಲ.' ಸುಳ್ಳು ಯಾರದು ಅಂತ ಅದಕ್ಕೂ ಗೊತ್ತಿಲ್ಲ. ಮ್ಯಾಪ್‌ಗೆ ಪಿ0106 ಬಂದರೂ ಇದೇ ಅರ್ಥ. ಪಿ0102, ಪಿ0103, ಪಿ0107, ಪಿ0108 ಬೇರೆ ಜಾತಿಯವು. ಅಲ್ಲಿ ಸಿಗ್ನಲ್ಲೇ ತೀರಾ ಕೆಳಗೆ ಅಥವಾ ತೀರಾ ಮೇಲೆ ಹೋಗಿ ಕೂತಿರುತ್ತದೆ. ಹಾಗಾದಾಗ ನಾನು ಸೀದಾ ವೈರ್, ಪಿನ್, ಕನೆಕ್ಟರ್ ಕಡೆ ಹೋಗುತ್ತೇನೆ. ಪಿ0171 ಅಂದರೆ ಮಿಶ್ರಣ ಲೀನ್ ಆಗಿದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ, ಅಷ್ಟೇ. ಗಾಳಿ ಜಾಸ್ತಿ ಆಯಿತೋ, ಪೆಟ್ರೋಲ್ ಕಡಿಮೆ ಆಯಿತೋ ಅದು ಹೇಳುವುದಿಲ್ಲ.

ಈಗ ಎರಡು ಸೆನ್ಸರ್ ಏನು ಮಾಡುತ್ತವೆ ಅಂತ ಚುಟುಕಾಗಿ ನೋಡೋಣ. ಹೆಸರು ಹತ್ತಿರ ಹತ್ತಿರ ಇದ್ದರೂ ಕೆಲಸ ಬೇರೆ. ಮ್ಯಾಫ್ ಏರ್ ಫಿಲ್ಟರ್ ಆದ ಮೇಲೆ, ಥ್ರಾಟಲ್‌ಗಿಂತ ಮೊದಲು ಕೂತಿರುತ್ತದೆ. ಅದರೊಳಗೆ ಬಿಸಿ ಮಾಡಿದ ಒಂದು ತೆಳು ತಂತಿ ಅಥವಾ ಫಿಲ್ಮ್ ಇರುತ್ತದೆ. ಒಳಬರುವ ಗಾಳಿಗಿಂತ ಅದನ್ನು ಒಂದು ಗೊತ್ತಾದ ಮಟ್ಟದಷ್ಟು ಬಿಸಿಯಾಗಿ ಇಡಲಾಗುತ್ತದೆ. ಗಾಳಿ ಹಾದಷ್ಟೂ ತಂತಿ ತಣ್ಣಗಾಗುತ್ತದೆ, ಬಿಸಿ ಉಳಿಸಲು ಜಾಸ್ತಿ ಕರೆಂಟ್ ಬೇಕಾಗುತ್ತದೆ. ಆ ಕರೆಂಟಿನಿಂದಲೇ ಎಷ್ಟು ಗ್ರಾಂ ಗಾಳಿ ಹೋಯಿತು ಅಂತ ಗೊತ್ತಾಗುತ್ತದೆ. ಅಂದರೆ ಮ್ಯಾಫ್ ಬಾಗಿಲಲ್ಲಿ ಕೂತು ಒಳಗೆ ಹೋದವರನ್ನು ಎಣಿಸುವವನು. ಕಿಟಕಿಯಿಂದ ನುಗ್ಗಿದವರ ಲೆಕ್ಕ ಅವನಿಗೆ ಸಿಗುವುದಿಲ್ಲ.

ಮ್ಯಾಪ್ ಥ್ರಾಟಲ್ ದಾಟಿದ ಮೇಲೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಮೇಲೆ ಇರುತ್ತದೆ. ಒಳಗೆ ಸಿಲಿಕಾನ್‌ನ ಒಂದು ಪುಟ್ಟ ಪೊರೆ. ಅದರ ಒಂದು ಕಡೆ ಮುಚ್ಚಿದ ನಿರ್ವಾತ, ಇನ್ನೊಂದು ಕಡೆ ಮ್ಯಾನಿಫೋಲ್ಡ್‌ನ ಗಾಳಿ. ಒತ್ತಡಕ್ಕೆ ಪೊರೆ ಬಾಗಿದಂತೆ ವೋಲ್ಟೇಜ್ ಬದಲಾಗುತ್ತದೆ. ಒಳಗೆ ಸೇರಿದ ಗಾಳಿ ಬಾಗಿಲಿಂದ ಬಂತೋ, ಕಿಟಕಿಯಿಂದ ಬಂತೋ ಇದಕ್ಕೆ ಒಂದೇ. ಈ ವ್ಯತ್ಯಾಸವನ್ನೇ ಹಿಡಿದುಕೊಂಡರೆ ರೋಗ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ನಿಮ್ಮ ನಂಬರ್‌ಗೆ ಬರೋಣ. ಕೀ ಆನ್, ಎಂಜಿನ್ ಆಫ್ ಇದ್ದಾಗ ಮ್ಯಾಪ್ ಓದುವುದು ಹೊರಗಿನ ವಾತಾವರಣದ ಒತ್ತಡವನ್ನೇ. ಸಮುದ್ರ ಮಟ್ಟದಲ್ಲಿ ಅದು 101 ಕಿಲೋಪಾಸ್ಕಲ್ ಆಸುಪಾಸು. 1000 ಮೀಟರ್ ಎತ್ತರದಲ್ಲಿ ಸುಮಾರು 90, 2000 ಮೀಟರ್‌ನಲ್ಲಿ ಸುಮಾರು 80. ನಿಮ್ಮದು 100 ತೋರಿಸಿದೆ. ನೀವು ಸಮುದ್ರ ಮಟ್ಟಕ್ಕೆ ಹತ್ತಿರ ಇದ್ದರೆ ಅದು ಸರಿ. ಎತ್ತರದ ಊರಲ್ಲಿದ್ದು 100 ಬಂದಿದ್ದರೆ ಮಾತ್ರ ಅನುಮಾನ ಪಡಬೇಕು. ಇಡೀ ಕಾರಿನಲ್ಲಿ ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ, ಖರ್ಚೂ ಇಲ್ಲ. ಆದರೂ ಇದನ್ನು ಮಾಡದೆ ಮ್ಯಾಪ್ ಬದಲಿಸುವವರನ್ನು ನೋಡಿದ್ದೇನೆ, ಬೇಸರವಾಗುತ್ತದೆ.

ಐಡಲ್‌ನಲ್ಲಿ ಅದು 38ಕ್ಕೆ ಇಳಿದಿದೆ. ಅಂದರೆ ಪೊರೆ ಅಲುಗಾಡುತ್ತಿದೆ, ಕೊಳವೆ ಮುಚ್ಚಿಲ್ಲ. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಬಿಸಿ ಐಡಲ್‌ನಲ್ಲಿ ಸಾಮಾನ್ಯವಾಗಿ 25ರಿಂದ 35ರ ಸುತ್ತ ಇರುತ್ತದೆ. ಎಸಿ ಹಾಕಿದರೆ ಸ್ವಲ್ಪ ಏರುತ್ತದೆ. ನಿಮ್ಮ 38 ತುಸು ಜಾಸ್ತಿ. ಸೆನ್ಸರ್ ತಪ್ಪು ಹೇಳುತ್ತಿದೆಯಾ, ಇಲ್ಲ ಒಳಗೆ ನಿಜವಾಗಿಯೂ ಒತ್ತಡ ಜಾಸ್ತಿ ಇದೆಯಾ? ಇದಕ್ಕೆ ಇನ್ನೊಬ್ಬ ಸಾಕ್ಷಿ ಬೇಕು.

ಒಂದು ಲೆಕ್ಕ ಹಾಕೋಣ, ಕಾಗದ ಪೆನ್ನು ಸಾಕು. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಪೂರ್ತಿ ಉಸಿರು ಎಳೆಯುತ್ತದೆ. 750 ಆರ್‌ಪಿಎಂ ಅಂದರೆ ನಿಮಿಷಕ್ಕೆ 375 ಉಸಿರು. ಅದನ್ನು 1.5 ಲೀಟರ್‌ನಿಂದ ಗುಣಿಸಿದರೆ ನಿಮಿಷಕ್ಕೆ 562 ಲೀಟರ್, ಸೆಕೆಂಡಿಗೆ 9.4 ಲೀಟರ್. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಹಾಗಾಗಿ ತುಂಬು ಒತ್ತಡದಲ್ಲಿ 11.3 ಗ್ರಾಂ ಆಗುತ್ತಿತ್ತು. ಆದರೆ ಒಳಗಿರುವುದು 38 ಕಿಲೋಪಾಸ್ಕಲ್, ಅಂದರೆ ಶೇಕಡ 38ರಷ್ಟು ಗಾಳಿ ಮಾತ್ರ. ಆಗ 4.3 ಗ್ರಾಂ. ಐಡಲ್‌ನಲ್ಲಿ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಸುಟ್ಟ ಹೊಗೆಯೂ ಒಂದಷ್ಟು ಜಾಗ ಹಿಡಿದಿರುತ್ತದೆ. ಶೇಕಡ 60ರಿಂದ 75 ತುಂಬುತ್ತದೆ ಅಂತ ಇಟ್ಟುಕೊಳ್ಳಿ. ಸಿಗುವುದು 2.6ರಿಂದ 3.2 ಗ್ರಾಂ. ಮ್ಯಾಫ್ ಹೇಳಿದ್ದು 2.1.

ಈಗ ಮೂರನೇ ಸಾಕ್ಷಿ, ಫ್ಯೂಯಲ್ ಟ್ರಿಮ್. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಪೆಟ್ರೋಲ್ ಸಾಲದು ಅಂದರೆ, ಇಸಿಯು ಲೆಕ್ಕಕ್ಕಿಂತ ಜಾಸ್ತಿ ಹಾಕುತ್ತದೆ. ಎಷ್ಟು ಜಾಸ್ತಿ ಅನ್ನುವುದೇ ಟ್ರಿಮ್. ಶಾರ್ಟ್ ಅಂದರೆ ಈ ಗಳಿಗೆಯದು, ಲಾಂಗ್ ಅಂದರೆ ಕಲಿತು ಇಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ಓದಬೇಕು. 5ರ ಒಳಗಿದ್ದರೆ ನೆಮ್ಮದಿ, 10 ದಾಟಿದರೆ ಹುಡುಕಲು ಶುರು ಮಾಡಬೇಕು. ನಿಮ್ಮದು ಐಡಲ್‌ನಲ್ಲಿ 25. ಅಂದರೆ ಮ್ಯಾಫ್ ಎಣಿಸಿದ 2.1 ಗ್ರಾಂಗಿಂತ ಕಾಲು ಭಾಗ ಜಾಸ್ತಿ ಗಾಳಿ ನಿಜಕ್ಕೂ ಉರಿಯುತ್ತಿದೆ. 2.1ಕ್ಕೆ ಕಾಲು ಭಾಗ ಸೇರಿಸಿ, 2.6 ಬರುತ್ತದೆ. ಮ್ಯಾಪ್‌ನಿಂದ ಬಂದ ಲೆಕ್ಕವೂ ಅಲ್ಲಿಗೇ ಮುಟ್ಟುತ್ತದೆ, ನೋಡಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸೆನ್ಸರ್ ಒಂದೇ ಮಾತು ಹೇಳುತ್ತಿವೆ. ಮ್ಯಾಪ್ ಮೇಲಿನ ಅನುಮಾನ ಇಲ್ಲಿಗೆ ಹೋಯಿತು.

ಉಳಿದದ್ದು ಮ್ಯಾಫ್. ಅದು ಎಣಿಸಿದ್ದು ತಪ್ಪೋ, ಅರ್ಧ ಗ್ರಾಂ ಗಾಳಿ ಅದರ ಕಣ್ಣು ತಪ್ಪಿಸಿ ಬರುತ್ತಿದೆಯೋ? ಇದಕ್ಕೆ ನಿಮ್ಮ 2500 ಆರ್‌ಪಿಎಂನ ನಂಬರ್ ಉತ್ತರ ಕೊಡುತ್ತದೆ. ನೀವು ಅದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಥ್ರಾಟಲ್ ಆಚೆಗಿನ ತೂತು ಐಡಲ್‌ನಲ್ಲೂ 2500ರಲ್ಲೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಗಾಳಿ ಎಳೆಯುತ್ತದೆ. ಎರಡೂ ಕಡೆ ಒಳಗಿನ ವ್ಯಾಕ್ಯೂಮ್ ಜೋರಾಗಿಯೇ ಇರುತ್ತದೆ. ಐಡಲ್‌ನಲ್ಲಿ ಒಟ್ಟು ಗಾಳಿ 2 ಗ್ರಾಂ ಇರುವಾಗ ಅರ್ಧ ಗ್ರಾಂ ಕಾಲು ಭಾಗ. ಇಂಥ ಎಂಜಿನ್ ಸುಮ್ನೆ 2500ರಲ್ಲಿ ತಿರುಗುವಾಗ 8 ಗ್ರಾಂ ಆಸುಪಾಸು ಎಳೆಯುತ್ತದೆ. ಅಲ್ಲಿ ಅದೇ ಅರ್ಧ ಗ್ರಾಂ ಶೇಕಡ 6 ಮಾತ್ರ. ನಿಮ್ಮ ಟ್ರಿಮ್ ಕೂಡ 25ರಿಂದ 6ಕ್ಕೆ ಇಳಿದಿದೆ. ಇಷ್ಟು ಚೊಕ್ಕವಾಗಿ ಲೆಕ್ಕ ಕೂಡಿ ಬರುವುದು ಅಪರೂಪ.

ಮ್ಯಾಫ್ ಕೊಳಕಾಗಿದ್ದರೆ ಚಿತ್ರ ಉಲ್ಟಾ. ತಂತಿಯ ಮೇಲೆ ಧೂಳು, ಎಣ್ಣೆಯ ಪದರ ಕೂತರೆ ಗಾಳಿ ತಾಗುವುದು ಕಡಿಮೆಯಾಗುತ್ತದೆ. ಇದರ ಏಟು ದೊಡ್ಡ ಹರಿವಿನಲ್ಲಿ ಎದ್ದು ಕಾಣುತ್ತದೆ. ಐಡಲ್‌ನಲ್ಲಿ ಟ್ರಿಮ್ ಸರಿಯಾಗಿಯೇ ಇರಬಹುದು. ಕೆಲವೊಮ್ಮೆ ಮೈನಸ್ ಕಡೆಗೂ ವಾಲಿರುತ್ತದೆ. ಏರು ಹತ್ತುವಾಗ, ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಪ್ಲಸ್ ಏರುತ್ತಾ ಹೋಗುತ್ತದೆ. ಆಗ ಮಾಲೀಕರ ದೂರು 'ನಡುಗುತ್ತದೆ' ಅಂತ ಇರುವುದಿಲ್ಲ, 'ಪಿಕಪ್ ಸತ್ತಿದೆ' ಅಂತ ಇರುತ್ತದೆ. ಫ್ಯೂಯಲ್ ಪಂಪ್ ಸೋತಿದ್ದರೂ, ಪೆಟ್ರೋಲ್ ಫಿಲ್ಟರ್ ಕಟ್ಟಿದ್ದರೂ ಇದೇ ಚಿತ್ರ ಬರುತ್ತದೆ. ತಪ್ಪು ಮ್ಯಾಫ್‌ನದೋ ಪೆಟ್ರೋಲ್ ಕಡೆಯದೋ ಅಂತ ಬೇರೆ ಮಾಡಲು ಮೇಲಿನ ಲೆಕ್ಕವನ್ನೇ ಫುಲ್ ಥ್ರಾಟಲ್‌ಗೆ ಹಾಕಬೇಕು. ನಿಮ್ಮ ಎಂಜಿನ್ 4000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಲೀಟರ್ ಎಳೆಯಬಲ್ಲದು, ಅಂದರೆ 60 ಗ್ರಾಂ. ಶೇಕಡ 80ರಿಂದ 90 ತುಂಬಿದರೆ 48ರಿಂದ 54. ಮ್ಯಾಫ್ ಅಷ್ಟು ತೋರಿಸಿದರೂ ಮಿಶ್ರಣ ಲೀನ್ ಇದೆ ಅಂದರೆ ತಪ್ಪು ಪೆಟ್ರೋಲ್ ಕಡೆಯದು. 35 ಮಾತ್ರ ತೋರಿಸಿ ಮಿಶ್ರಣವೂ ಲೀನ್ ಇದ್ದರೆ ಮ್ಯಾಫ್ ಕಡಿಮೆ ಎಣಿಸುತ್ತಿದೆ. 35 ತೋರಿಸಿ ಮಿಶ್ರಣ ಸರಿ ಇದ್ದರೆ? ಎಂಜಿನ್ ನಿಜಕ್ಕೂ ಅಷ್ಟೇ ಉಸಿರಾಡುತ್ತಿದೆ, ಸೆನ್ಸರ್ ಪಾಪ ಸತ್ಯ ಹೇಳುತ್ತಿದೆ. ಆಗ ಮ್ಯಾಪ್ ನೋಡಿ. ಫುಲ್ ಥ್ರಾಟಲ್‌ನಲ್ಲಿ ಮ್ಯಾಪ್ ಹೊರಗಿನ ಒತ್ತಡಕ್ಕಿಂತ ಸಾಕಷ್ಟು ಕೆಳಗೇ ಉಳಿದರೆ ಏರ್ ಫಿಲ್ಟರ್ ಅಥವಾ ಅದರ ದಾರಿ ಕಟ್ಟಿದೆ. ಮ್ಯಾಪ್ ಪೂರ್ತಿ ಏರಿಯೂ ಗಾಳಿ ಕಡಿಮೆ ಅಂದರೆ ಎಕ್ಸಾಸ್ಟ್ ಕಡೆ ಕಟ್ಟಿದೆ, ಹೆಚ್ಚಾಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ವಾಲ್ವ್ ಟೈಮಿಂಗ್ ಜಾರಿದ್ದರೂ ಹೀಗೇ ಕಾಣಬಹುದು.

ಫುಲ್ ಥ್ರಾಟಲ್‌ನಲ್ಲಿ ಟ್ರಿಮ್ ನಂಬಬೇಡಿ. ಇಸಿಯು ಆಗ ಬೇಕೆಂದೇ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ ಹಾಕಿ, ಓಡಿಸುತ್ತದೆ. ಹಳೆಯ ಮಾದರಿಯ ಆಕ್ಸಿಜನ್ ಸೆನ್ಸರ್ ಆದರೆ ಅದರ ವೋಲ್ಟ್ ನೋಡಿ. 0.8ರ ಮೇಲೆ ನಿಂತರೆ ರಿಚ್, 0.2ರ ಕೆಳಗೆ ಬಿದ್ದರೆ ಲೀನ್. ಈ ಪರೀಕ್ಷೆಯನ್ನು ಖಾಲಿ ರಸ್ತೆಯಲ್ಲೇ ಮಾಡಿ. ಓಡಿಸುವವರು ಒಬ್ಬರು, ಸ್ಕ್ಯಾನರ್ ನೋಡುವವರು ಇನ್ನೊಬ್ಬರು ಇರಲಿ. ರೆಕಾರ್ಡ್ ಮಾಡಿಟ್ಟು ಮನೆಗೆ ಬಂದು ಓದಿದರೆ ಇನ್ನೂ ಒಳ್ಳೆಯದು.

ಥ್ರಾಟಲ್‌ಗಿಂತ ಮೊದಲು, ಅಂದರೆ ಮ್ಯಾಫ್ ಮತ್ತು ಥ್ರಾಟಲ್ ನಡುವಿನ ರಬ್ಬರ್ ಹೋಸ್ ಬಿರುಕು ಬಿಟ್ಟರೂ ಕಳ್ಳಗಾಳಿ ಬರುತ್ತದೆ. ಆದರೆ ಅಲ್ಲಿ ವ್ಯಾಕ್ಯೂಮ್ ಇರುವುದಿಲ್ಲ, ಎಳೆತ ಸಣ್ಣದು. ಹಾಗಾಗಿ ಟ್ರಿಮ್ ಐಡಲ್‌ನಲ್ಲಿ ಮಾತ್ರ ಏರಿ ಆಮೇಲೆ ಇಳಿಯುವ ಚಿತ್ರ ಸಿಗುವುದಿಲ್ಲ. ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಪ್ಲಸ್ ಇರುತ್ತದೆ, ಲೋಡ್ ಬಿದ್ದಾಗ ಇನ್ನೂ ಜಾಸ್ತಿ. ಎಂಜಿನ್ ವಾಲಿದಾಗ ಬಿರುಕು ಬಾಯಿ ಬಿಡುವುದರಿಂದ ಮುಂದಕ್ಕೆ ಓಡುವಾಗ ತೊಂದರೆ, ರಿವರ್ಸ್‌ನಲ್ಲಿ ಆರಾಮ ಅನ್ನುವ ವಿಚಿತ್ರ ದೂರೂ ಬರುತ್ತದೆ. ನಿಮ್ಮ ಟ್ರಿಮ್ ಇಳಿದ ರೀತಿ ನೋಡಿದರೆ ನಿಮ್ಮದು ಇದಲ್ಲ. ಆದರೂ ಹೋಸಿನ ಮಡಿಕೆಗಳನ್ನು ಬಿಡಿಸಿ ನೋಡಲು ಎರಡು ನಿಮಿಷ ಸಾಕು. ಹೊಸ ಮ್ಯಾಫ್ ಹಾಕುವಾಗ ಕ್ಲಾಂಪ್ ಸಡಿಲ ಬಿಟ್ಟಿರುವುದೂ ಉಂಟು.

ಹತ್ತು ದಿನ ಲೈಟ್ ಯಾಕೆ ಬರಲಿಲ್ಲ ಅನ್ನುವುದಕ್ಕೂ ಕಾರಣ ಇದೆ. ಕೋಡ್ ಅಳಿಸಿದಾಗ ಸಾಮಾನ್ಯವಾಗಿ ಕಲಿತ ಟ್ರಿಮ್ ಕೂಡ ಸೊನ್ನೆಗೆ ಹೋಗುತ್ತದೆ. ಇಸಿಯು ಮತ್ತೆ ಕಲಿಯಬೇಕು, ಟ್ರಿಮ್ ಮಿತಿ ಮುಟ್ಟಬೇಕು, ಅದೇ ತಪ್ಪು ಎರಡು ಓಡಾಟಗಳಲ್ಲಿ ಕಂಡರೆ ಮಾತ್ರ ಇಂಥ ಕೋಡ್‌ಗಳಿಗೆ ಲೈಟ್ ಹತ್ತುತ್ತದೆ. ಹೀಗಾಗಿ ಏನು ಬದಲಿಸಿದರೂ ಕೆಲವು ದಿನ ವಾಸಿಯಾದಂತೆ ಕಾಣುತ್ತದೆ. ಗ್ಯಾರೇಜಿನವರು ನಿಮಗೆ ಮೋಸ ಮಾಡಿದರು ಅಂತ ನಾನು ಅಂದುಕೊಳ್ಳುವುದಿಲ್ಲ. ಅವರಿಗೂ ಅದು ಸರಿಹೋದಂತೆಯೇ ಕಂಡಿರುತ್ತದೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ರಿಪೇರಿ ಆಯಿತೋ ಇಲ್ಲವೋ ಹೇಳಬೇಕಾದ್ದು ಟ್ರಿಮ್, ಲೈಟ್ ಅಲ್ಲ. ನಿಜವಾದ ತಪ್ಪು ಸರಿ ಮಾಡಿದರೆ ಐದು ನಿಮಿಷದಲ್ಲೇ ಶಾರ್ಟ್ ಟ್ರಿಮ್ ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ.

ಈಗ ಲೀಕ್ ಹುಡುಕುವ ಕೆಲಸ. ನಾನಾದರೆ ಮೊದಲು ಕ್ರ್ಯಾಂಕ್‌ಕೇಸ್ ಉಸಿರಾಟದ ಪಿಸಿವಿ ಹೋಸ್ ನೋಡುತ್ತೇನೆ. ಎಣ್ಣೆ ಆವಿಗೆ ರಬ್ಬರ್ ಮೆತ್ತಗಾಗಿ, ಮೊಣಕೈ ಹಾಗೆ ಬಾಗಿದ ಜಾಗದಲ್ಲಿ, ಅದೂ ಕೆಳಭಾಗದಲ್ಲಿ, ಹರಿದಿರುತ್ತದೆ. ಮೇಲಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತದೆ. ಬೆರಳು ಹಾಕಿ ತಡವಿದರೆ ಮಾತ್ರ ಸಿಗುತ್ತದೆ. ಆಮೇಲೆ ಬ್ರೇಕ್ ಬೂಸ್ಟರ್ ಹೋಸ್. ಐಡಲ್‌ನಲ್ಲಿ ಬ್ರೇಕ್ ಒತ್ತಿ ಹಿಡಿದಾಗ ಆರ್‌ಪಿಎಂ ಬದಲಾಗಿ, ಹಾಗೇ ಬದಲಾಗಿಯೇ ಉಳಿದರೆ ಬೂಸ್ಟರ್ ಮೇಲೆ ಅನುಮಾನ. ಮೂರನೆಯದು ಪೆಟ್ರೋಲ್ ಆವಿ ಎಳೆಯುವ ಪರ್ಜ್ ವಾಲ್ವ್. ಅದು ತೆರೆದೇ ಸಿಕ್ಕಿಕೊಂಡರೆ ಐಡಲ್ ಕೆಡುತ್ತದೆ. ಮ್ಯಾನಿಫೋಲ್ಡ್ ಕಡೆಯ ಅದರ ಹೋಸ್ ಕಳಚಿ, ಆ ಬಾಯನ್ನು ಬೆರಳಲ್ಲಿ ಮುಚ್ಚಿ, ಟ್ರಿಮ್ ಬಿತ್ತಾ ನೋಡಿ. ನಾಲ್ಕನೆಯದು ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಅದು ತಣ್ಣಗಿರುವಾಗ ಜಾಸ್ತಿ ಸೋರಿ, ಬಿಸಿಯಾದಂತೆ ಕಡಿಮೆಯಾಗುವುದು ಉಂಟು. ಕೊನೆಗೆ ಆಯಿಲ್ ಕ್ಯಾಪ್ ಮತ್ತು ಡಿಪ್‌ಸ್ಟಿಕ್. ಒಂದು ಕಾರಿನಲ್ಲಿ ನಾನು ಎರಡು ದಿನ ಹುಡುಕಿ, ಕೊನೆಗೆ ಡಿಪ್‌ಸ್ಟಿಕ್ ಪೂರ್ತಿ ಕೂರದೆ ಮೇಲೆದ್ದಿದ್ದನ್ನು ಕಂಡೆ. ಒತ್ತಿ ಕೂರಿಸಿದ ಕೂಡಲೇ ಟ್ರಿಮ್ ಇಳಿಯಿತು. ಅವತ್ತಿಂದ ಯಾವ ಕಾರು ಬಂದರೂ ಅದನ್ನೂ ಮರೆಯದೆ ಮುಟ್ಟಿ ನೋಡುತ್ತೇನೆ.

ಕೆಲವರು ಓಡುತ್ತಿರುವ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಅಥವಾ ಪೆಟ್ರೋಲ್ ಚಿಮುಕಿಸಿ ಆರ್‌ಪಿಎಂ ಏರುತ್ತದಾ ನೋಡುತ್ತಾರೆ. ದಯವಿಟ್ಟು ಬೇಡ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ, ಬೆಂಕಿ ಹತ್ತಲು ಒಂದು ಕಿಡಿ ಸಾಕು. ಒಳ್ಳೆಯ ದಾರಿ ಸ್ಮೋಕ್ ಟೆಸ್ಟ್. ಎಂಜಿನ್ ಆಫ್ ಇಟ್ಟು, ಇಂಟೇಕ್ ಒಳಗೆ ಮೆಲ್ಲಗೆ ಹೊಗೆ ತುಂಬಿದರೆ ಅದು ತೂತಿನಿಂದ ಹೊರಗೆ ಬಂದು ತಾನೇ ತೋರಿಸುತ್ತದೆ. ಗ್ಯಾರೇಜಿನಲ್ಲಿ ಮ್ಯಾಪ್ ಬದಲು ಇದನ್ನು ಮಾಡಿ ಅಂತ ಕೇಳಿ. ಮನೆಯಲ್ಲಿ ಮಾಡುವುದಾದರೆ ಒಂದು ಉದ್ದದ ಸಣ್ಣ ಪೈಪನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಹೋಸ್‌ಗಳ ಮೇಲೆ ಆಡಿಸಿ. ಸೀಟಿಯಂಥ ಸದ್ದು ಆ ಜಾಗದಲ್ಲಿ ಥಟ್ಟನೆ ಜೋರಾಗುತ್ತದೆ. ಫ್ಯಾನ್, ಬೆಲ್ಟ್‌ನಿಂದ ಕೈ, ಬಟ್ಟೆ ದೂರ ಇರಲಿ.

ಇಷ್ಟೆಲ್ಲ ನಿಮ್ಮ ಕಾರಿಗೆ ಹೊಂದುವುದು ಅದು ಪೆಟ್ರೋಲ್ ಲೆಕ್ಕವನ್ನು ಮ್ಯಾಫ್‌ನಿಂದ ಹಾಕುವ ಕಾರಾದ್ದರಿಂದ. ಮ್ಯಾಫ್ ಇಲ್ಲದೆ ಮ್ಯಾಪ್ ಒಂದರಿಂದಲೇ ಲೆಕ್ಕ ಹಾಕುವ ಕಾರುಗಳು ತುಂಬಾ ಇವೆ. ಅಲ್ಲಿ ಇದೇ ತೂತು ಬೇರೆ ವೇಷದಲ್ಲಿ ಬರುತ್ತದೆ. ಕಳ್ಳಗಾಳಿ ಒಳಗಿನ ಒತ್ತಡ ಏರಿಸುತ್ತದೆ. ಮ್ಯಾಪ್ ಅದನ್ನು ಎಂದಿನ ಗಾಳಿ ಅಂತಲೇ ಲೆಕ್ಕ ಹಿಡಿಯುತ್ತದೆ. ಇಸಿಯು ಅದಕ್ಕೂ ಪೆಟ್ರೋಲ್ ಹಾಕುತ್ತದೆ. ಟ್ರಿಮ್ ಹೆಚ್ಚು ಕದಲುವುದಿಲ್ಲ, ಐಡಲ್ ಮಾತ್ರ ಮೇಲೆ ಹೋಗುತ್ತದೆ. ಸ್ನೇಹಿತರ ಕಾರಿನ ಅನುಭವ ನಿಮ್ಮ ಕಾರಿಗೆ ಹೊಂದದೆ ಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಸೆನ್ಸರ್ ನಿಜವಾಗಿಯೂ ಕೆಡುವುದೇ ಇಲ್ಲವಾ ಅಂದರೆ, ಕೆಡುತ್ತದೆ. ಆದರೆ ಅದನ್ನು ಮೀಟರ್ ಹಿಡಿದು ಸಾಬೀತು ಮಾಡಬಹುದು. ಮ್ಯಾಪ್‌ಗೆ ಸಾಮಾನ್ಯವಾಗಿ ಮೂರು ವೈರ್: 5 ವೋಲ್ಟ್ ಸಪ್ಲೈ, ಗ್ರೌಂಡ್, ಸಿಗ್ನಲ್. ಗಾಳಿಯ ಬಿಸಿ ಅಳೆಯುವ ಭಾಗವೂ ಅದರಲ್ಲೇ ಇದ್ದರೆ ನಾಲ್ಕು. ಕೀ ಆನ್ ಮಾಡಿ 5 ವೋಲ್ಟ್ ಬರುತ್ತಿದೆಯಾ ನೋಡಿ. ಬರದಿದ್ದರೆ ಸೆನ್ಸರ್ ಬೈಯಬೇಡಿ. ಆ 5 ವೋಲ್ಟ್ ಲೈನನ್ನು ಬೇರೆ ಸೆನ್ಸರ್‌ಗಳೂ ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ಎಲ್ಲವೂ ಒಟ್ಟಿಗೆ ಮಲಗುತ್ತವೆ. ಒಂದೊಂದೇ ಕನೆಕ್ಟರ್ ಕಳಚುತ್ತಾ ಹೋದರೆ ಯಾವುದನ್ನು ಕಳಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ. ಎಂಜಿನ್ ಓಡುವಾಗ ಗ್ರೌಂಡ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಸಿಗ್ನಲ್ ವೈರ್‌ನಲ್ಲಿ ಕೀ ಆನ್ ಇದ್ದಾಗ 4ರಿಂದ 4.5 ವೋಲ್ಟ್, ಐಡಲ್‌ನಲ್ಲಿ 1ರಿಂದ 1.5 ವೋಲ್ಟ್ ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಸಾಮಾನ್ಯ. ಕೈ ವ್ಯಾಕ್ಯೂಮ್ ಪಂಪ್ ಸಿಕ್ಕಿದರೆ ಮ್ಯಾಪ್ ಬಾಯಿಗೆ ಹಿಡಿದು ಎಳೆಯಿರಿ. ವೋಲ್ಟ್ ನಯವಾಗಿ ಇಳಿಯಬೇಕು, ಹಿಡಿದಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕು. ನಡುವೆ ಜಿಗಿದರೆ ಅಥವಾ ಒಂದೇ ಕಡೆ ಅಂಟಿಕೊಂಡರೆ ಆಗ ಬದಲಿಸಿ, ಧೈರ್ಯವಾಗಿ.

ಮ್ಯಾಫ್‌ಗೆ ಹೀಟರ್ ಇರುವುದರಿಂದ ಬ್ಯಾಟರಿ ವೋಲ್ಟೇಜ್ ಕೂಡ ಬೇಕು. ವೋಲ್ಟ್ ಕೊಡುವ ಜಾತಿಯದಾದರೆ ಕೀ ಆನ್‌ನಲ್ಲಿ, ಗಾಳಿ ಇಲ್ಲದಾಗ, ಹೆಚ್ಚಿನವು 1 ವೋಲ್ಟ್ ಹತ್ತಿರ ಇರುತ್ತವೆ. ಥ್ರಾಟಲ್ ಥಟ್ಟನೆ ಒತ್ತಿದರೆ 4ರ ಕಡೆ ಹಾರಬೇಕು. ಕೆಲವು ಹೊಸ ಮ್ಯಾಫ್‌ಗಳು ವೋಲ್ಟ್ ಬದಲು ಫ್ರೀಕ್ವೆನ್ಸಿ ಕೊಡುತ್ತವೆ, ಅವನ್ನು ವೋಲ್ಟ್ ಮೀಟರ್‌ನಲ್ಲಿ ಅಳೆದು ಕೆಟ್ಟಿದೆ ಅನ್ನಬೇಡಿ. ಐಡಲ್‌ನಲ್ಲಿ ಸೆನ್ಸರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ, ವೈರನ್ನು ಅಲುಗಿಸಿ. ನಂಬರ್ ಜಿಗಿದರೆ ಪಿನ್ ಸಡಿಲ ಅಥವಾ ಒಳಗಿನ ಬೆಸುಗೆ ಬಿಟ್ಟಿದೆ.

ಕನೆಕ್ಟರ್ ಕಳಚಿ ಓಡಿಸಿದರೆ ಚೆನ್ನಾಗಿ ಓಡುತ್ತದೆ, ಹಾಗಾಗಿ ಮ್ಯಾಫ್ ಕೆಟ್ಟಿದೆ ಅನ್ನುವ ಮಾತು ಬಹಳ ಚಾಲ್ತಿಯಲ್ಲಿದೆ. ಕಳಚಿದಾಗ ಇಸಿಯು ಬೇರೆ ಲೆಕ್ಕಕ್ಕೆ ಹೋಗುತ್ತದೆ. ಮ್ಯಾಪ್ ಇರುವ ಕಾರಿನಲ್ಲಿ ಆ ಲೆಕ್ಕಕ್ಕೆ ಕಳ್ಳಗಾಳಿಯೂ ಸೇರುತ್ತದೆ. ಆದ್ದರಿಂದ ನಿಮ್ಮಂಥ ಲೀಕ್ ಇದ್ದಾಗಲೂ ಎಂಜಿನ್ ಚೆನ್ನಾಗಿಯೇ ಓಡಬಹುದು. ಬಹುಶಃ ನಿಮ್ಮ ಹಳೆಯ ಮ್ಯಾಫ್‌ಗೆ ಈ ಪರೀಕ್ಷೆಯಲ್ಲೇ ಶಿಕ್ಷೆ ಆಯಿತು.

ಆ ಹಳೆಯದು ಇನ್ನೂ ಇದ್ದರೆ ಎಸೆಯಬೇಡಿ. ತೊಳೆಯಲು ಮ್ಯಾಫ್‌ಗೆ ಅಂತಲೇ ಬರುವ ಸ್ಪ್ರೇ ಮಾತ್ರ ಬಳಸಿ. ಕಾರ್ಬ್ ಕ್ಲೀನರ್ ಪ್ಲಾಸ್ಟಿಕ್ ತಿನ್ನಬಹುದು, ಜಿಡ್ಡು ಉಳಿಸಬಹುದು. ತಂತಿಯನ್ನು ಹತ್ತಿಯಿಂದಾಗಲಿ ಬೆರಳಿಂದಾಗಲಿ ಮುಟ್ಟಬೇಡಿ, ಕಂಪ್ರೆಸರ್ ಗಾಳಿ ಹಿಡಿಯಬೇಡಿ. ಪೂರ್ತಿ ಒಣಗಿದ ಮೇಲೆ ಕೂರಿಸಿ. ಎಣ್ಣೆ ಹಚ್ಚುವ ಜಾತಿಯ ಏರ್ ಫಿಲ್ಟರ್ ಹಾಕಿದ್ದರೆ, ಎಣ್ಣೆ ಜಾಸ್ತಿ ಆಗಿ ಸೆನ್ಸರ್ ಮೇಲೆ ಕೂರುವುದು ಮಾಮೂಲಿ. ಹೊಸ ಮ್ಯಾಫ್ ಮೂಲ ಪಾರ್ಟ್ ನಂಬರ್‌ನದೇ ಹೌದಾ ಅಂತಲೂ ನೋಡಿಕೊಳ್ಳಿ. ಅಳತೆಗೆ ಕೂರುವ, ಪಿನ್ ಹೊಂದುವ ಅಗ್ಗದ ಸೆನ್ಸರ್ ಬೇರೆ ಲೆಕ್ಕ ಹೇಳುವುದನ್ನು ಸಾಕಷ್ಟು ಸಲ ಕಂಡಿದ್ದೇನೆ. ಲೀಕ್ ಮುಚ್ಚಿದ ಮೇಲೆ ಎರಡನ್ನೂ ಒಂದೊಂದು ಸಲ ಹಾಕಿ ಟ್ರಿಮ್ ಹೋಲಿಸಿದರೆ ಗೊತ್ತಾಗುತ್ತದೆ.

ಡೀಸೆಲ್ ಕಾರಿನವರಿಗೂ ಒಂದು ಮಾತು. ಅಲ್ಲಿ ಮ್ಯಾಫ್ ಹೆಚ್ಚಾಗಿ ಇಜಿಆರ್ (ಸುಟ್ಟ ಹೊಗೆಯನ್ನು ಮತ್ತೆ ಒಳಗೆ ಬಿಡುವ ವಾಲ್ವ್) ಎಷ್ಟು ತೆರೆಯಬೇಕು, ಹೊಗೆ ಬಾರದಂತೆ ಡೀಸೆಲ್ ಎಷ್ಟಕ್ಕೆ ನಿಲ್ಲಿಸಬೇಕು ಅಂತ ನೋಡಿಕೊಳ್ಳುತ್ತದೆ. ಇಜಿಆರ್ ತೆರೆದಾಗ ಹೊಸ ಗಾಳಿಯ ಜಾಗವನ್ನು ಹೊಗೆ ಹಿಡಿಯುತ್ತದೆ, ಮ್ಯಾಫ್ ನಂಬರ್ ಸರ್ರನೆ ಇಳಿಯುತ್ತದೆ. 2 ಲೀಟರ್‌ನ ನಾಲ್ಕು ಸಿಲಿಂಡರ್ ಡೀಸೆಲ್‌ನಲ್ಲಿ ಒಂದು ಸಿಲಿಂಡರ್ ಅರ್ಧ ಲೀಟರ್, ಅಂದರೆ ಟರ್ಬೊ ಒತ್ತಡ ಇಲ್ಲದಾಗ ಒಂದು ಉಸಿರಿಗೆ ಹೆಚ್ಚೆಂದರೆ 600 ಮಿಲಿಗ್ರಾಂ. ಇಜಿಆರ್ ಮುಚ್ಚು ಅಂತ ಸ್ಕ್ಯಾನರ್‌ನಿಂದ ಹೇಳಿದರೂ ಐಡಲ್‌ನಲ್ಲಿ ಇದರ ಅರ್ಧದ ಹತ್ತಿರವೇ ಉಳಿದರೆ ಮೊದಲು ಇಜಿಆರ್ ತೆರೆದೇ ಸಿಕ್ಕಿಕೊಂಡಿದೆಯಾ ನೋಡಿ. ಟರ್ಬೊ ಗಾಡಿಯಲ್ಲಿ ಇಂಟರ್‌ಕೂಲರ್ ಹೋಸ್ ಹರಿದರೆ, ಮ್ಯಾಫ್ ಎಣಿಸಿದ ಗಾಳಿ ಎಂಜಿನ್ ಮುಟ್ಟುವ ಮೊದಲೇ ಹೊರಗೆ ಹೋಗುತ್ತದೆ. ಎಳೆತ ಕಡಿಮೆ, ಕಪ್ಪು ಹೊಗೆ ಜಾಸ್ತಿ, ಟರ್ಬೊ ಒತ್ತಡ ಸಾಲದು ಅನ್ನುವ ಪಿ0299 ಕೋಡ್. ಟರ್ಬೊ ಒತ್ತಡ ಅಳೆಯುವ ಬೂಸ್ಟ್ ಸೆನ್ಸರ್ ಬಾಯಿಗೆ ಮಸಿ ತುಂಬಿದರೂ ಅದು ನಿಧಾನವಾಗಿ, ಕಡಿಮೆ ಓದುತ್ತದೆ. ಬಿಚ್ಚಿ ಸೋಪಿನಷ್ಟೇ ಮೆತ್ತಗಿನ ಕ್ಲೀನರ್‌ನಲ್ಲಿ ಒರೆಸಿ, ಮ್ಯಾನಿಫೋಲ್ಡ್ ಕಡೆಯ ತೂತನ್ನೂ ಬಿಡಿಸಿ. ಸೆನ್ಸರ್ ಒಳಗೆ ಮಾತ್ರ ಪಿನ್ನು, ಕಡ್ಡಿ ಹಾಕಬೇಡಿ, ಪೊರೆ ಹರಿಯುತ್ತದೆ.

ನಿಮ್ಮ ಕಾರಿಗೆ ವಾಪಸ್ ಬರುತ್ತೇನೆ. ಪಿಸಿವಿ ಹೋಸ್‌ನಿಂದ ಶುರು ಮಾಡಿ. ಒಂದು ಸಣ್ಣ ಹೋಸನ್ನು ಇಕ್ಕಳದಿಂದ ಮೆತ್ತಗೆ ಒತ್ತಿ ಮುಚ್ಚಿ, ಅರ್ಧ ನಿಮಿಷ ಶಾರ್ಟ್ ಟ್ರಿಮ್ ನೋಡಿ, ಬಿಡಿ, ಮುಂದಿನದಕ್ಕೆ ಹೋಗಿ. ಹಳೆಯ ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಒತ್ತಬೇಡಿ, ಮುರಿಯುತ್ತದೆ. ಯಾವುದನ್ನು ಒತ್ತಿದಾಗ ಟ್ರಿಮ್ ಸರಕ್ಕನೆ ಮೈನಸ್ ಕಡೆ ಬೀಳುತ್ತದೋ ಆ ದಾರಿಯಲ್ಲಿದೆ ನಿಮ್ಮ ತೂತು. ಎಲ್ಲೂ ಸಿಗದಿದ್ದರೆ ಗ್ಯಾಸ್ಕೆಟ್ ಉಳಿಯುತ್ತದೆ, ಅದಕ್ಕೆ ಸ್ಮೋಕ್ ಟೆಸ್ಟೇ ಆಗಬೇಕು. ಸರಿ ಮಾಡಿದ ಮೇಲೆ ಕೋಡ್ ಅಳಿಸಿ, ಎರಡು ಮೂರು ದಿನ ಎಂದಿನಂತೆ ಓಡಿಸಿ, ಬಿಸಿ ಐಡಲ್‌ನಲ್ಲಿ ಇದೇ ಐದು ನಂಬರನ್ನು ಮತ್ತೆ ಬರೆದುಕೊಳ್ಳಿ. ಮ್ಯಾಪ್ 30ರ ಆಸುಪಾಸಿಗೆ ಇಳಿದು, ಎರಡು ಟ್ರಿಮ್ ಸೇರಿ 5ರ ಒಳಗೆ ಬಂದಿರಬೇಕು. ಹಾಗೆ ಬರದಿದ್ದರೆ ಆ ನಂಬರ್‌ಗಳನ್ನು ನನಗೆ ಬರೆದು ಕಳಿಸಿ, 2500ರಲ್ಲಿ ಮ್ಯಾಫ್ ಎಷ್ಟು ಅನ್ನುವುದನ್ನೂ ಸೇರಿಸಿ.